ಕಾರ್ಡ್‌ಲೆಸ್ ಡ್ರಿಲ್ ತಗೋಬೇಕಾ? ಮಿಷನ್ ನೋಡೋ ಮುಂಚೆ ಬ್ಯಾಟರಿ ನೋಡಿ

ಬೇತಮಂಗಲ: 2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಚಿನ್ನದ ಗಣಿ ಮುಚ್ಚಿದ ಮೇಲೆ ಈ ಭಾಗದ ಸಾವಿರಾರು ಮನೆಗಳ ಕೂಲಿ ಬೆಂಗಳೂರಿನ ರೈಲಿನ ಮೇಲೆ ನಿಂತಿದೆ. ಬೇತಮಂಗಲ, ಕ್ಯಾಸಂಬಳ್ಳಿ, ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆ ಕಡೆಯ ಬಡಗಿಗಳು, ಎಲೆಕ್ಟ್ರಿಷಿಯನ್‌ಗಳು, ಫಾಲ್ಸ್ ಸೀಲಿಂಗ್ ಮತ್ತು ಮಾಡ್ಯುಲರ್ ಕಿಚನ್ ಕೆಲಸದವರು ಮಿಷನ್ನನ್ನು ಬ್ಯಾಗಿಗೆ ಹಾಕಿಕೊಂಡೇ ರೈಲು ಹತ್ತುತ್ತಾರೆ. ಈಗ ಆ ಬ್ಯಾಗಿನಲ್ಲಿ ವೈರ್ ಇರೋ ಡ್ರಿಲ್ ಜಾಗಕ್ಕೆ ಬ್ಯಾಟರಿ ಡ್ರಿಲ್ ಬರ್ತಿದೆ. ಕರೆಂಟ್ ಕನೆಕ್ಷನ್ ಆಗದ ಹೊಸ ಕಟ್ಟಡ, ಏಣಿ ಮೇಲಿನ ಕೆಲಸ, ಮಧ್ಯಾಹ್ನ ಕೈಕೊಡುವ ಪವರ್, ಎಲ್ಲದಕ್ಕೂ ಅದೇ ಅನುಕೂಲ.

ಆದರೆ ಅಂಗಡಿಗೆ ಹೋದವರು ಕೇಳೋದು ಒಂದೇ ಪ್ರಶ್ನೆ: "ಬಾಷ್ ಒಳ್ಳೇದಾ, ಮಕಿಟಾ ಒಳ್ಳೇದಾ, ಡಿವಾಲ್ಟ್ ಒಳ್ಳೇದಾ?" ಮೂರೂ ದಿನವಿಡೀ ದುಡಿಯುವ ಮಿಷನ್ನುಗಳೇ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಕಾರ್ಡ್‌ಲೆಸ್‌ನಲ್ಲಿ ಮೊದಲ ಮಿಷನ್ ಕೊಂಡ ದಿನವೇ ಮುಂದಿನ ನಾಲ್ಕೈದು ಮಿಷನ್ ಯಾವ ಕಂಪನಿಯದ್ದು ಅನ್ನೋದೂ ಹೆಚ್ಚುಕಡಿಮೆ ತೀರ್ಮಾನ ಆಗಿಬಿಡುತ್ತೆ. ಒಂದು ಕಂಪನಿಯ ಬ್ಯಾಟರಿ ಇನ್ನೊಂದಕ್ಕೆ ಕೂರಲ್ಲ. ಬ್ಯಾಟರಿ, ಚಾರ್ಜರ್ ಸೇರಿದರೆ ಬರೀ ಬಾಡಿಯಷ್ಟೇ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ದುಡ್ಡು ಆಗುತ್ತೆ. ಹಾಗಾಗಿ ನೀವು ಆರಿಸ್ತಿರೋದು ಡ್ರಿಲ್ ಅಲ್ಲ, ಬ್ಯಾಟರಿ.

ವೋಲ್ಟ್ ಲೆಕ್ಕ: 18, 20, 21 ಎಲ್ಲಾ ಒಂದೇ

ಬ್ಯಾಟರಿ ಒಳಗೆ 3.6 ವೋಲ್ಟಿನ ಲಿಥಿಯಂ ಸೆಲ್‌ಗಳಿರುತ್ತವೆ. ಐದು ಸೆಲ್ ಸಾಲಾಗಿ ಜೋಡಿಸಿದರೆ 18 ವೋಲ್ಟ್. ಫುಲ್ ಚಾರ್ಜ್ ಆದಾಗ ಒಂದೊಂದು ಸೆಲ್ 4.2 ವೋಲ್ಟ್ ತೋರಿಸುತ್ತೆ, ಆಗ ಒಟ್ಟು 21. ಬಾಷ್, ಮಕಿಟಾ 18 ಅಂತ ಬರೆಯುತ್ತವೆ, ಡಿವಾಲ್ಟ್ '20 ವೋಲ್ಟ್ ಮ್ಯಾಕ್ಸ್' ಅಂತ ಬರೆಯುತ್ತೆ, ಕಡಿಮೆ ಬೆಲೆಯ ಕೆಲವು ಮಿಷನ್ ಮೇಲೆ 21 ಅಂತ ಇರುತ್ತೆ. ಒಳಗೆ ಇರೋದು ಅದೇ ಐದು ಸೆಲ್ಲಿನ ಸಾಲು. ಹಾಗೇ ಮೂರು ಸೆಲ್ಲಿನ ಬ್ಯಾಟರಿಯನ್ನು ಹಿಂದೆ 10.8 ಅಂತಿದ್ದರು, ಈಗ 12 ಅಂತಾರೆ. ಆನ್‌ಲೈನ್‌ನಲ್ಲಿ ಸಿಗುವ ಹೆಸರಿಲ್ಲದ ಬ್ಯಾಟರಿಗಳ ಮೇಲೆ 48, 88 ಅಂತ ದೊಡ್ಡದಾಗಿ ಬರೆದಿರುತ್ತೆ. ಐದು ಸೆಲ್ಲಿನ ಸಾಲಿನಿಂದ ಅಷ್ಟು ವೋಲ್ಟ್ ಬರೋಕೆ ಸಾಧ್ಯವೇ ಇಲ್ಲ.

ವೋಲ್ಟ್ ಶಕ್ತಿಯಾದರೆ ಆಂಪಿಯರ್-ಅವರ್ (ಎಎಚ್) ಬಾಳಿಕೆ. ಎರಡನ್ನೂ ಗುಣಿಸಿದರೆ ವಾಟ್-ಅವರ್ ಸಿಗುತ್ತೆ. 18 ವೋಲ್ಟ್, 2 ಎಎಚ್ ಅಂದರೆ 36. 18 ವೋಲ್ಟ್, 5 ಎಎಚ್ ಅಂದರೆ 90. ಕರೆಂಟ್ ಖರ್ಚು ಏನೂ ಇಲ್ಲ, ಒಂದು ಯೂನಿಟ್‌ನಲ್ಲಿ 5 ಎಎಚ್ ಬ್ಯಾಟರಿ ಸುಮಾರು ಒಂಬತ್ತು-ಹತ್ತು ಸಲ ಚಾರ್ಜ್ ಆಗುತ್ತೆ. ಖರ್ಚು ಇರೋದು ಬ್ಯಾಟರಿ ಸತ್ತಾಗ.

ಯಾವ ಕಂಪನಿ, ಏನು ಕಥೆ

ಬಾಷ್: 1886ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಶುರುವಾದ ಕಂಪನಿ. ನಮ್ಮ ರಾಜ್ಯದವರಿಗೆ ಬೆಂಗಳೂರು ಆಡುಗೋಡಿಯ 'ಮೈಕೋ' ಅಂತಲೇ ಪರಿಚಯ. ನೀಲಿ ಬಣ್ಣದ್ದು ವೃತ್ತಿಪರರಿಗೆ, ಹಸಿರು ಬಣ್ಣದ್ದು ಮನೆ ಬಳಕೆಗೆ. ನೀಲಿಯಲ್ಲಿ 12 ವೋಲ್ಟ್ ಒಂದು ಸಾಲು, 18 ವೋಲ್ಟ್ ಇನ್ನೊಂದು ಸಾಲು. ನೀಲಿಯ 18 ವೋಲ್ಟ್ ಬ್ಯಾಟರಿ 2008ರಿಂದ ಬಂದ 18 ವೋಲ್ಟಿನ ನೀಲಿ ಮಿಷನ್ನುಗಳಿಗೆ ಹೊಂದುತ್ತದೆ.

ಮಕಿಟಾ: 1915ರಲ್ಲಿ ಜಪಾನಿನ ನಗೋಯಾದಲ್ಲಿ ಮೋಟಾರ್ ರಿಪೇರಿ ಅಂಗಡಿಯಾಗಿ ಶುರುವಾಯಿತು. 1978ರಲ್ಲೇ ರೀಚಾರ್ಜ್ ಡ್ರಿಲ್ ತಂದ ಕಂಪನಿ. 2005ರಿಂದ ಇರುವ 18 ವೋಲ್ಟಿನ 'ಎಲ್‌ಎಕ್ಸ್‌ಟಿ' ಸಾಲು ತುಂಬಾ ದೊಡ್ಡದು. ಡ್ರಿಲ್, ಗರಗಸ, ಪ್ಲೇನರ್, ಬ್ಲೋವರ್, ತೋಟದ ಕತ್ತರಿವರೆಗೂ ಅದೇ ಬ್ಯಾಟರಿ.

ಡಿವಾಲ್ಟ್: 1924ರಲ್ಲಿ ಅಮೆರಿಕದಲ್ಲಿ ಮರ ಕೊಯ್ಯುವ ಮಿಷನ್ನಿನಿಂದ ಶುರುವಾದ ಹೆಸರು. ಈಗ ಸ್ಟಾನ್ಲಿ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿಯದ್ದು. ಇದರ 'ಫ್ಲೆಕ್ಸ್‌ವೋಲ್ಟ್' ಬ್ಯಾಟರಿ ಸಣ್ಣ ಮಿಷನ್ನಿಗೂ ಹೋಗುತ್ತೆ, ದೊಡ್ಡದಕ್ಕೂ ಹೋಗುತ್ತೆ. ಆದರೆ 20 ವೋಲ್ಟಿನ ಮಾಮೂಲಿ ಬ್ಯಾಟರಿ ಆ ದೊಡ್ಡ ಮಿಷನ್ನಿಗೆ ಆಗಲ್ಲ.

ಇವು ಮೂರರ ಜೊತೆ ಹೈಕೋಕಿ ಇದೆ. 2018ರವರೆಗೆ ಹಿಟಾಚಿ ಅಂತ ಬರ್ತಿದ್ದದ್ದೇ ಇದು. ಚೀನಾದ ಇಂಗ್ಕೋ, ಡಾಂಗ್‌ಚೆಂಗ್ ಕಡಿಮೆ ದುಡ್ಡಿಗೆ ಸಿಗುತ್ತವೆ. ವಾರಕ್ಕೆ ಒಂದೆರಡು ಸಲ ಮಿಷನ್ ಹಿಡಿಯೋರಿಗೆ ಅವು ಸಾಕಾಗಬಹುದು.

ಹೆಸರು ಒಂದೇ, ಬ್ಯಾಟರಿ ಬೇರೆ

ದುಡ್ಡು ಕಳ್ಕೊಳ್ಳೋದು ಜಾಸ್ತಿ ಇಲ್ಲೇ. "ಮಕಿಟಾ 18 ವೋಲ್ಟ್ ಅಲ್ವಾ" ಅಂತ ತಂದರೆ ಅದು ಮನೆಯಲ್ಲಿರೋ ಮಕಿಟಾಗೆ ಕೂರದೇ ಇರಬಹುದು.

- ಮಕಿಟಾದಲ್ಲಿ ಕಡಿಮೆ ಬೆಲೆಯ 'ಜಿ' ಸರಣಿ ಬ್ಯಾಟರಿ (ಸಂಖ್ಯೆಯ ಕೊನೆಗೆ ಜಿ ಅಕ್ಷರ ಇರುತ್ತೆ) 18 ವೋಲ್ಟೇ ಆದರೂ ಎಲ್‌ಎಕ್ಸ್‌ಟಿ ಮಿಷನ್ನಿಗೆ ಆಗಲ್ಲ. 40 ವೋಲ್ಟಿನ 'ಎಕ್ಸ್‌ಜಿಟಿ' ಕೂಡ ಬೇರೆಯೇ ಸಾಲು.
- ಬಾಷ್ ಹಸಿರು ಬ್ಯಾಟರಿ ನೀಲಿ ಮಿಷನ್ನಿಗೆ ಆಗಲ್ಲ. ನೀಲಿಯಲ್ಲೇ 12 ವೋಲ್ಟಿನದ್ದು 18ಕ್ಕೆ ಆಗಲ್ಲ.
- ಡಿವಾಲ್ಟ್, ಸ್ಟಾನ್ಲಿ ಎರಡಕ್ಕೂ ಒಡೆಯ ಒಬ್ಬನೇ. ಆದರೂ ಬ್ಯಾಟರಿ ಬೇರೆ ಬೇರೆ.

ಮನೆಯಲ್ಲಿ ಒಂದು ಬ್ಯಾಟರಿ ಇದ್ದರೆ ಅಂಗಡಿಗೆ ಹೋಗುವಾಗ ಅದನ್ನೇ ತೆಗೆದುಕೊಂಡು ಹೋಗಿ. ಹೊಸ ಮಿಷನ್ನಿಗೆ ಕೂರಿಸಿ ನೋಡಿ, ಆಮೇಲೆ ಬಿಲ್ ಮಾಡಿಸಿ.

ಯಾವ ಕೆಲಸಕ್ಕೆ ಯಾವುದು

ಎಲೆಕ್ಟ್ರಿಷಿಯನ್, ಫಾಲ್ಸ್ ಸೀಲಿಂಗ್, ಅಲ್ಯುಮಿನಿಯಂ ಕಿಟಕಿ ಕೆಲಸ: ದಿನವೆಲ್ಲಾ ಕೈ ಮೇಲೆತ್ತಿ ಸ್ಕ್ರೂ ಹಾಕುವವರಿಗೆ ತೂಕವೇ ಮುಖ್ಯ. 12 ವೋಲ್ಟಿನ ಸಣ್ಣ ಡ್ರಿಲ್ ಸಾಕು. ಬಾಷ್‌ನ 'ಜಿಎಸ್‌ಬಿ 120' ಇದೇ ಸಾಲಿನದ್ದು.

ಬಡಗಿ, ಮಾಡ್ಯುಲರ್ ಕಿಚನ್: 18 ವೋಲ್ಟ್. ಇವತ್ತು ಡ್ರಿಲ್, ನಾಳೆ ಇಂಪ್ಯಾಕ್ಟ್ ಡ್ರೈವರ್, ಆಮೇಲೆ ಗರಗಸ ಬೇಕಾಗುತ್ತೆ. ಸಾಲು ದೊಡ್ಡದಿರುವ ಕಂಪನಿ ಹಿಡಿದರೆ ಮುಂದಿನದ್ದನ್ನು ಬರೀ ಬಾಡಿ ಲೆಕ್ಕದಲ್ಲಿ ಕೊಳ್ಳಬಹುದು. ಬ್ರಷ್‌ಲೆಸ್ ಮೋಟಾರ್‌ನದ್ದೇ ತಗೊಳ್ಳಿ. ಕಾರ್ಬನ್ ಸವೆಯೋ ಕಾಟ ಇಲ್ಲ, ಅದೇ ಚಾರ್ಜ್‌ನಲ್ಲಿ ಹೆಚ್ಚು ಕೆಲಸ ಆಗುತ್ತೆ.

ಪ್ಲಂಬರ್, ಗಾರೆ, ಕಲ್ಲಿನ ಕೆಲಸ: ನಮ್ಮ ಕಡೆ ಗೋಡೆ ಸೈಜುಗಲ್ಲು, ಬೇಲಿ ಕಲ್ಲು ಕಂಬ. ಮಾಮೂಲಿ ಡ್ರಿಲ್ಲಿನ 'ಹ್ಯಾಮರ್' ಗುರುತು ಇಟ್ಟಿಗೆಗೆ ಸರಿ, ಗ್ರಾನೈಟ್ ಕಲ್ಲಿಗೆ ಅಲ್ಲ. ಅಲ್ಲಿ ಎಸ್‌ಡಿಎಸ್ ಬಿಟ್ ಹಾಕುವ ರೋಟರಿ ಹ್ಯಾಮರ್ ಬೇಕು. ದಿನಕ್ಕೆ ಹತ್ತಾರು ತೂತು ಇದ್ದರೆ ವೈರಿನದ್ದೇ ಲಾಭ.

ವೆಲ್ಡಿಂಗ್ ಶಾಪ್: ಗ್ರೈಂಡರ್ ಬ್ಯಾಟರಿಯನ್ನು ಕುಡಿದುಬಿಡುತ್ತೆ. 600 ವಾಟ್ ಎಳೆಯುವ ಕೆಲಸಕ್ಕೆ 90 ವಾಟ್-ಅವರ್ ಬ್ಯಾಟರಿ ಲೆಕ್ಕದ ಪ್ರಕಾರ ಬಿಡದೆ ಓಡೋದು ಒಂಬತ್ತು ನಿಮಿಷ. ಶಾಪಿನಲ್ಲಿ ಪ್ಲಗ್ ಇದ್ದರೆ ವೈರಿನ ಗ್ರೈಂಡರ್ರೇ ಇರಲಿ.

ಯಾವ ಕೆಲಸಕ್ಕಾದರೂ 5 ಎಎಚ್ ಒಂದರ ಬದಲು 2 ಎಎಚ್ ಎರಡು ಇದ್ದರೆ ಒಂದು ಓಡುವಾಗ ಇನ್ನೊಂದು ಚಾರ್ಜ್ ಆಗುತ್ತೆ. ಒಂದು ಕೆಟ್ಟರೂ ಅವತ್ತಿನ ಕೂಲಿ ಉಳಿಯುತ್ತೆ.

ಇನ್ನೊಂದು ಮಾತು. ಮೇಸ್ತ್ರಿ, ಜೊತೆ ಕೆಲಸದವರು ಯಾವ ಕಂಪನಿಯದ್ದು ಇಟ್ಟಿದ್ದಾರೆ ಅಂತ ನೋಡಿ. ಸೈಟಿನಲ್ಲಿ ಚಾರ್ಜ್ ಮುಗಿದಾಗ ಕೇಳಿ ಪಡೆಯೋಕೆ ಅದೇ ಬ್ಯಾಟರಿ ಇರಬೇಕು. ನಾಲ್ಕು ಜನರ ಹತ್ತಿರ ಮಕಿಟಾ ಇದ್ದು ನಿಮ್ಮ ಹತ್ತಿರ ಮಾತ್ರ ಬೇರೆ ಇದ್ದರೆ ಅದು ಎಷ್ಟೇ ಒಳ್ಳೇದಾದರೂ ನೀವು ಒಂಟಿ.

ಸರ್ವೀಸ್ ಎಲ್ಲಿ?

ಬಾಷ್ ಕಂಪನಿಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ, ಮಕಿಟಾದ ಭಾರತದ ಕಚೇರಿ ಹೊಸಕೋಟೆ ತಾಲ್ಲೂಕಿನಲ್ಲಿದೆ. ಹಾಗಂತ ಮಿಷನ್ ಹಿಡಿದು ನೇರ ಅಲ್ಲಿಗೆ ಹೋಗೋದಲ್ಲ. ಕಂಪನಿಯ ವೆಬ್‌ಸೈಟ್‌ನಲ್ಲಿ ಪಿನ್‌ಕೋಡ್ ಅಥವಾ ಊರಿನ ಹೆಸರು ಹಾಕಿ ಅಧಿಕೃತ ಸರ್ವೀಸ್ ಸೆಂಟರ್ ಹುಡುಕಿ, ಫೋನ್ ಮಾಡಿ ಎರಡು ವಿಷಯ ಕೇಳಿ: ಈ ಮಾಡೆಲ್ಲಿನ ಸ್ವಿಚ್, ಚಕ್ ಸ್ಟಾಕ್ ಇದೆಯಾ? ರಿಪೇರಿಗೆ ಎಷ್ಟು ದಿನ? ಮಿಷನ್ ವಾರ ನಿಂತರೆ ವಾರದ ಕೂಲಿ ಹೋಗುತ್ತೆ. ಎರಡು ಸಾವಿರ ಕಡಿಮೆಗೆ ಸಿಕ್ಕ ಮಿಷನ್ ಆ ಒಂದು ವಾರದಲ್ಲೇ ದುಬಾರಿ ಆಗಿರುತ್ತೆ. ದಿನಾ ಬೆಂಗಳೂರಿಗೆ ಹೋಗುವವರಿಗೆ ಕೆಲಸದ ಜಾಗದ ಹತ್ತಿರದ ಸೆಂಟರೇ ಹತ್ತಿರ. ಊರಲ್ಲೇ ಕೆಲಸ ಮಾಡುವವರಿಗೆ ಕೋಲಾರ, ಕೆಜಿಎಫ್ ಅಂಗಡಿಯವರು ಮಿಷನ್ ತಗೊಂಡು ಕಳಿಸಿಕೊಡ್ತಾರಾ ಅನ್ನೋದು ಮುಖ್ಯ.

ಡೂಪ್ಲಿಕೇಟ್ ಬ್ಯಾಟರಿ

'ಕಂಪ್ಯಾಟಿಬಲ್' ಹೆಸರಲ್ಲಿ ಅರ್ಧ ಬೆಲೆಗೆ ಬ್ಯಾಟರಿ ಸಿಗುತ್ತೆ. ಒಳ್ಳೆ ಬ್ಯಾಟರಿಯೊಳಗೆ ಬಿಸಿ ಜಾಸ್ತಿ ಆದರೆ ನಿಲ್ಲಿಸುವ ಸರ್ಕ್ಯೂಟ್ ಇರುತ್ತೆ. ಅಗ್ಗದ್ದರಲ್ಲಿ ಅದನ್ನೇ ಉಳಿಸಿರುತ್ತಾರೆ. ರಾತ್ರಿ ಚಾರ್ಜಿಗೆ ಹಾಕಿ ಮನೆಮಂದಿ ಮಲಗೋ ಕೋಣೆಯಲ್ಲಿ ಇಡುವ ವಸ್ತು ಇದು.

ಭಾರತದಲ್ಲಿ ಮಾರುವ ಇಂಥ ಲಿಥಿಯಂ ಬ್ಯಾಟರಿಗೆ ಬಿಐಎಸ್ ನೋಂದಣಿ ಕಡ್ಡಾಯ. ಲೇಬಲ್ ಮೇಲೆ 'ಐಎಸ್ 16046' ಮತ್ತು 'ಆರ್' ಅಕ್ಷರದಿಂದ ಶುರುವಾಗುವ ಸಂಖ್ಯೆ ಇರಬೇಕು. 'ಬಿಐಎಸ್ ಕೇರ್' ಆಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿಗಿದೆ ಅಂತ ಗೊತ್ತಾಗುತ್ತೆ.

ಬ್ಯಾಟರಿ ಬಾಳಬೇಕು ಅಂದರೆ ಬೇಸಿಗೆಯಲ್ಲಿ ಶೀಟ್ ಶೆಡ್ಡಿನಲ್ಲಿ, ಬೈಕ್ ಡಿಕ್ಕಿಯಲ್ಲಿ ಬಿಡಬೇಡಿ. ಕೆಲಸ ಮುಗಿದು ಬಿಸಿ ಇರುವಾಗಲೇ ಚಾರ್ಜಿಗೆ ಹಾಕಬೇಡಿ. ತಿಂಗಳುಗಟ್ಟಲೆ ಬಳಸಲ್ಲ ಅಂದರೆ ಅರ್ಧ ಚಾರ್ಜ್‌ನಲ್ಲಿ ತೆಗೆದಿಡಿ.

ಬಿಲ್ ಇದ್ದರೆ ಕಾನೂನು ಇದೆ

"ಬಿಲ್ ಬೇಡ, ಕಡಿಮೆ ಮಾಡ್ಕೊಡ್ತೀನಿ" ಅನ್ನೋ ಮಾತಿಗೆ ಒಪ್ಪಿದರೆ ವಾರಂಟಿ ಅಲ್ಲಿಗೇ ಮುಗೀತು. ಬಿಲ್ಲಿನಲ್ಲಿ ಮಾಡೆಲ್ ಮತ್ತು ಸೀರಿಯಲ್ ನಂಬರ್ ಬರೆಸಿ. ಕೆಲವು ಕಂಪನಿಗಳು ಕೆಲವೇ ವಾರದೊಳಗೆ ಆನ್‌ಲೈನ್‌ನಲ್ಲಿ ರಿಜಿಸ್ಟರ್ ಮಾಡಿದರೆ ವಾರಂಟಿ ಹೆಚ್ಚಿಸುತ್ತವೆ. ಬ್ಯಾಟರಿಗೆ ಬೇರೆ ವಾರಂಟಿ ಇರುತ್ತೆ, ಕೇಳಿ.

ದುಡಿಮೆಗೆ ಕೊಂಡ ಮಿಷನ್ನಿಗೆ ಗ್ರಾಹಕ ಕಾನೂನು ಅನ್ವಯಿಸಲ್ಲ ಅಂತ ಹಲವರು ತಿಳ್ಕೊಂಡಿದ್ದಾರೆ. ಅದು ತಪ್ಪು. ಸ್ವಯಂ ಉದ್ಯೋಗದಿಂದ ಹೊಟ್ಟೆಪಾಡಿಗೆ ತಾನೇ ಬಳಸಲು ಕೊಂಡ ವಸ್ತುವನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ವ್ಯಾಪಾರಿ ಉದ್ದೇಶ ಅಂತ ಪರಿಗಣಿಸಲ್ಲ. ಬೆಂಗಳೂರಿನಲ್ಲೋ ಆನ್‌ಲೈನ್‌ನಲ್ಲೋ ಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಕೋಲಾರದ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷ ರೂ.ವರೆಗಿನ ವಸ್ತುವಿಗೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ಮೊದಲು 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಕಂಪನಿಗೆ ದೂರು ಮುಟ್ಟಿಸುತ್ತೆ.

ಬಡಗಿ, ಕಮ್ಮಾರ, ಗಾರೆ ಕೆಲಸದವರು, ಕಲ್ಲುಕುಟಿಗರು ಸೇರಿ 18 ಕಸುಬುಗಳಿಗೆ 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಟೂಲ್‌ಕಿಟ್‌ಗೆ 15,000 ರೂ.ವರೆಗೆ ಇ-ವೋಚರ್, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ರೂ. ಸಾಲ ಇದೆ. ಅರ್ಜಿ ಸಾಮಾನ್ಯ ಸೇವಾ ಕೇಂದ್ರಗಳಲ್ಲಿ. ಎಲೆಕ್ಟ್ರಿಷಿಯನ್, ಪ್ಲಂಬರ್ ಈ 18ರ ಪಟ್ಟಿಯಲ್ಲಿಲ್ಲ.

ಅಂಗಡಿಯವರಿಗೆ

ನಾಲ್ಕು ಕಂಪನಿಯ ಒಂದೊಂದು ಡ್ರಿಲ್ ಇಡೋದಕ್ಕಿಂತ ಒಂದೇ ಕಂಪನಿಯ ಡ್ರಿಲ್ ಜೊತೆ ಅದರ ಬಿಡಿ ಬ್ಯಾಟರಿ, ಚಾರ್ಜರ್, ಬರೀ ಬಾಡಿ ಇಟ್ಟರೆ ಗಿರಾಕಿ ಎರಡನೇ ಸಲ ಬರ್ತಾರೆ. ಬ್ಯಾಟರಿ ಸ್ಟಾಕ್ ತರಿಸುವಾಗ ತಯಾರಾದ ತಿಂಗಳು ನೋಡಿ, ಹಳೇ ಸ್ಟಾಕ್ ಕಪಾಟಿನಲ್ಲೇ ಸೊರಗುತ್ತೆ. ಸತ್ತ ಬ್ಯಾಟರಿಯನ್ನು ಕಸಕ್ಕೋ ಗುಜರಿಗೋ ಹಾಕೋ ಹಾಗಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಅದನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸೋ ಜವಾಬ್ದಾರಿ ತಯಾರಿಸಿದ, ಆಮದು ಮಾಡಿದ ಕಂಪನಿಯದ್ದು. ಗಿರಾಕಿ ತಂದುಕೊಟ್ಟ ಹಳೇ ಬ್ಯಾಟರಿಗಳನ್ನು ಬೇರೆ ಡಬ್ಬಿಯಲ್ಲಿ, ತುದಿಗೆ ಟೇಪ್ ಸುತ್ತಿ ಇಟ್ಟು ಡೀಲರ್ ಮೂಲಕ ಕಳಿಸಬಹುದು.