ಹಳೆಯ ಆಟದ ಪೆಟ್ಟಿಗೆಯ ಆಯುಷ್ಯ

ಇತಿಹಾಸವೆಂದರೆ ಅರಸರ ಶಾಸನ, ಕೋಟೆ, ಕಾಳಗಗಳ ಕಥೆಯೆಂದೇ ನಾವು ಬಹುಕಾಲ ತಿಳಿದುಕೊಂಡು ಬಂದೆವು. ಹೊಟ್ಟೆಪಾಡಿಗಾಗಿ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆನಿಂತ ಕನ್ನಡ ಕುಟುಂಬಗಳಿಗಾದರೋ ಶಾಸನಗಳಿಲ್ಲ. ಹಿರಿಯರ ಚರಿತ್ರೆ ಊರಿಂದ ತಂದ ಟ್ರಂಕಿನಲ್ಲಿದ್ದರೆ, ಇಲ್ಲಿಯೇ ಹುಟ್ಟಿ ಬೆಳೆದವರ ಚರಿತ್ರೆಯ ಒಂದು ತುಣುಕು ಅಟ್ಟದಲ್ಲಿ ಧೂಳು ಹಿಡಿದ ವಿಡಿಯೋ ಗೇಮಿನ ಪೆಟ್ಟಿಗೆಯಲ್ಲಿದೆ.

ಈ ಪೆಟ್ಟಿಗೆಯ ಮೂಲ ಜಪಾನು. ಮಸಾಯುಕಿ ಉಯೆಮುರಾ ಎಂಬ ಎಂಜಿನಿಯರರ ನೇತೃತ್ವದಲ್ಲಿ ನಿಂಟೆಂಡೊ ಸಂಸ್ಥೆ ನಿರ್ಮಿಸಿದ ‘ಫ್ಯಾಮಿಲಿ ಕಂಪ್ಯೂಟರ್’ 1983ರ ಜುಲೈ 15ರಂದು ಅಲ್ಲಿ ಮಾರಾಟಕ್ಕೆ ಬಂದಿತು. ಮುಂಬಯಿಯ ದೂರದರ್ಶನ ಕೇಂದ್ರ 1972ರಲ್ಲಿ ಆರಂಭವಾದುದು. ದೇಶದಲ್ಲಿ ಬಣ್ಣದ ಪ್ರಸಾರ ಬಂದುದು 1982ರಲ್ಲಿ. ಅದರ ಬೆನ್ನಿಗೇ ಈ ಆಟವೂ ಹುಟ್ಟಿತೆನ್ನಬೇಕು. ಭಾರತದಲ್ಲಿ ಅದು ‘ಸಮುರಾಯ್’ ಎಂಬ ಹೆಸರಿನಿಂದ ಬಂದಿತು. 1990ರ ದಶಕದಲ್ಲಿ ಅಗ್ಗದ ಪಡಿಯಚ್ಚುಗಳೂ ಬಂದುವು. ಜಪಾನಿನ ಟಿ.ವಿ. ಎನ್.ಟಿ.ಎಸ್.ಸಿ. ಪದ್ಧತಿಯದು, ನಮ್ಮದು ಪಾಲ್ ಪದ್ಧತಿಯದು. ಆದುದರಿಂದ ಪಾಲ್ ಪದ್ಧತಿಗೆ ಹೊಂದಿಸಿದ ಪಡಿಯಚ್ಚುಗಳೇ ನಮಗೆ ಅನುಕೂಲವಾದುವು. ಆಡುವ ಹಿಡಿಗಳು ಎರಡಿದ್ದುದರಿಂದ ಅಣ್ಣತಮ್ಮಂದಿರೂ ನೆರೆಮನೆಯ ಮರಾಠಿ ಹುಡುಗನೂ ಒಂದೇ ಚಾಪೆಯ ಮೇಲೆ ಸರದಿಗಾಗಿ ಕಾಯುತ್ತಿದ್ದರು.

ಮೂಲಸಂಸ್ಥೆಯು 2003ರಲ್ಲಿ ತಯಾರಿಕೆಯನ್ನು ನಿಲ್ಲಿಸಿತು. ನಾವು ರಾಜ್ಯೋತ್ಸವದ ಸಿದ್ಧತೆಯಲ್ಲಿದ್ದ 2007ರ ಅಕ್ಟೋಬರ್ 31ರಂದು, ಬಿಡಿಭಾಗಗಳ ಅಭಾವದಿಂದ ದುರಸ್ತಿಯನ್ನೂ ಕೈಬಿಟ್ಟಿತು. ಅಂದಿನಿಂದ ಈ ಯಂತ್ರದ ಆಯುಷ್ಯ ಮನೆಯವರ ಕೈಯಲ್ಲಿದೆ.

ಅದಕ್ಕೆ ಬರುವ ವ್ಯಾಧಿಗಳು ಹಲವು. ಮದ್ದು ಮಾತ್ರ ಸುಲಭ. ಆಟದ ಕ್ಯಾಸೆಟ್ಟಿನ ಬಾಯಲ್ಲಿ 60 ಲೋಹದ ಪಟ್ಟಿಗಳುಂಟು. ಅವು ಕಪ್ಪಿಟ್ಟರೆ ಚಿತ್ರ ಕಲಸಿಹೋಗುತ್ತದೆ. ಆಗ ಬಾಯಿಂದ ಊದುವುದು ನಮ್ಮೆಲ್ಲರ ರೂಢಿಯಾಗಿತ್ತು. ಊದಿ ಮತ್ತೆ ತೂರಿಸಿದಾಗ ಪಟ್ಟಿಗಳು ಸರಿಯಾಗಿ ಕೂತು ಆಟ ನಡೆದೀತು; ಆದರೆ ಉಸಿರಿನ ತೇವ ಕಿಲುಬನ್ನೇ ಹೆಚ್ಚಿಸುತ್ತದೆ. ಐಸೊಪ್ರೊಪೈಲ್ ಮದ್ಯಸಾರದಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಚೆನ್ನಾಗಿ ಆರಿಸಿ ಹಾಕುವುದೇ ಸರಿ. ಖಾರಿಯ ಗಾಳಿ, ನಾಲ್ಕು ತಿಂಗಳ ಮಳೆ ಇರುವ ನಮ್ಮ ಪ್ರದೇಶದಲ್ಲಿ ಇದು ಮತ್ತಷ್ಟು ಅಗತ್ಯ.

ಎರಡನೆಯದು ವಿದ್ಯುತ್ತು. ಜಪಾನಿನ ಮೂಲ ಯಂತ್ರಕ್ಕೆ 10 ವೋಲ್ಟಿನ ಡಿ.ಸಿ. ಬೇಕು; ಅದರ ಪಿನ್ನಿನ ನಡುಭಾಗ ಋಣಧ್ರುವ. ಇಂದಿನ ಅನೇಕ ಅಡಾಪ್ಟರುಗಳಲ್ಲಿ ಇದು ತಿರುಗುಮುರುಗು. ಪಡಿಯಚ್ಚುಗಳ ಬೇಡಿಕೆ ಬೇರೆಯಿರಬಹುದು. ಆದುದರಿಂದ ಬೆನ್ನಿನ ಮೇಲಣ ಅಕ್ಷರಗಳನ್ನು ಓದದೆ ಯಾವುದನ್ನೂ ಸಿಕ್ಕಿಸಬಾರದು. ಒಳಗಿನ ಕೆಪಾಸಿಟರುಗಳು ವರ್ಷಗಳು ಕಳೆದಂತೆ ಒಣಗುತ್ತವೆ. ಬೆಸುಗೆ ಬಲ್ಲವರು ಅಲ್ಪ ಖರ್ಚಿನಲ್ಲಿ ಬದಲಿಸಿಯಾರು. ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಲ್ಯಾಮಿಂಗ್ಟನ್ ರಸ್ತೆ ಇಂಥ ಬಿಡಿಭಾಗಗಳಿಗೆ ಹೆಸರಾದ ಪೇಟೆ. ಆದರೆ ತಡವಾಗಿ ಬಂದ ಅಗ್ಗದ ಪೆಟ್ಟಿಗೆಗಳಲ್ಲಿ ಎಲ್ಲ ಕಾರ್ಯವೂ ಕರಿಯ ಅಂಟಿನ ಒಂದು ಗುಡ್ಡೆಯ ಅಡಿಯಲ್ಲಿದೆ. ಅದು ಕೆಟ್ಟರೆ ಬಿಚ್ಚಿ ಸರಿಪಡಿಸುವಂತಿಲ್ಲ.

ಬಾತುಕೋಳಿಗೆ ಗುರಿಯಿಡುವ ಬಂದೂಕಿನ ಪಾಡು ಇನ್ನೂ ವಿಚಿತ್ರ. ಅದು ಗುಂಡು ಹಾರಿಸುವುದಿಲ್ಲ. ಹಳೆಯ ಪಿಕ್ಚರ್ ಟ್ಯೂಬಿನ ಬೆಳಕನ್ನು ನಿಖರವಾದ ಕ್ಷಣದಲ್ಲಿ ಗುರುತಿಸುತ್ತದೆ. ಚಪ್ಪಟೆ ಟಿ.ವಿ.ಯಲ್ಲಿ ಆ ಕ್ಷಣ ತಪ್ಪುವುದರಿಂದ ಬಂದೂಕು ಕುರುಡಾಗುತ್ತದೆ. ಆದುದರಿಂದ ಪೆಟ್ಟಿಗೆಯನ್ನು ಪೂರ್ಣವಾಗಿ ಉಳಿಸಬೇಕಾದರೆ ಹಳೆಯ ಟಿ.ವಿ.ಯನ್ನೂ ಉಳಿಸಬೇಕಾಗುತ್ತದೆ!

ನಮ್ಮ ಹಳೆಯ ಕಟ್ಟಡಗಳು ಒಂದೊಂದಾಗಿ ಬಿದ್ದು ಗೋಪುರಗಳೇಳುತ್ತಿರುವ ಕಾಲವಿದು. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಇಂಥ ವಸ್ತುಗಳು ಕಿಲೋ ಲೆಕ್ಕದಲ್ಲಿ ಭಂಗಾರದವನ ಪಾಲಾಗುತ್ತವೆ. ಯಕ್ಷಗಾನದ ಕಿರೀಟವನ್ನು ಜೋಪಾನ ಮಾಡಬಲ್ಲ ನಮ್ಮ ಸಂಘಗಳು ಇವಕ್ಕೂ ಒಂದು ಕಪಾಟು ಕೊಡಲಾರವೆ? ಇಂದು ಕೈಯಲ್ಲಿನ ಫೋನಿನಲ್ಲಿ ಒಬ್ಬೊಬ್ಬರೇ ಆಡುವ ಮಕ್ಕಳ ಎದುರಿಗೆ ವರ್ಷಕ್ಕೊಮ್ಮೆ ಅದನ್ನು ಹೊತ್ತಿಸಿ, ಎರಡನೆಯ ಹಿಡಿಯನ್ನು ಅವರ ಕೈಗೆ ಕೊಡೋಣ. ಬೆಸುಗೆ ಬಲ್ಲ ಯುವಕರು ಮುಂದೆ ಬರಲಿ. ಅಟ್ಟವುಳ್ಳವರು ಅಟ್ಟ ಹುಡುಕಲಿ.