ಸರಕಾರದ ಕಿವಿ, ಜನರ ದನಿ



ಜನರ ಮೊಬೈಲು, ಇ-ಮೇಲು, ಅಂತರ್ಜಾಲದ ಮೇಲೆ ಸರಕಾರ ಕಣ್ಣಿಟ್ಟಿದೆ ಎಂಬ ಸುದ್ದಿ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: "ತಪ್ಪು ಮಾಡದವನಿಗೆ ಹೆದರಿಕೆ ಏಕೆ?" ಮೇಲ್ನೋಟಕ್ಕೆ ಸರಿಯೆನಿಸುವ ಮಾತಿದು. ಆದರೆ ಇತಿಹಾಸದ ಪುಟಗಳನ್ನು ತಿರುವಿ ನೋಡಿರಿ. ಇಂಥ ಕಣ್ಗಾವಲನ್ನು ಪ್ರಶ್ನಿಸಿದವರು ತಪ್ಪು ಮುಚ್ಚಿಡಲು ಹೊರಟವರಲ್ಲ. ಅವರಲ್ಲಿ ದೇಶದ ರಾಷ್ಟ್ರಪತಿಯೊಬ್ಬರಿದ್ದಾರೆ, ಕರ್ನಾಟಕದ ನಿವೃತ್ತ ನ್ಯಾಯಮೂರ್ತಿಯೊಬ್ಬರಿದ್ದಾರೆ.

ನಮ್ಮ ಧರ್ಮದಲ್ಲಿಯೂ ಈ ಪ್ರಶ್ನೆ ಹೊಸದಲ್ಲ. ಪವಿತ್ರ ಕುರ್‌ಆನಿನ ಸೂರಾ ಅಲ್-ಹುಜುರಾತ್‌ನ 12ನೆಯ ಆಯತ್ ಪರರ ಗುಟ್ಟು ಕೆದಕುವ 'ತಜಸ್ಸುಸ್' ಅನ್ನು ನಿಷೇಧಿಸಿದೆ. ಇನ್ನೊಬ್ಬರ ಮನೆಯನ್ನು ಅನುಮತಿ ಪಡೆದು, ಸಲಾಂ ಹೇಳಿಯೇ ಪ್ರವೇಶಿಸಬೇಕೆಂದು ಸೂರಾ ಅನ್-ನೂರ್ ಕಲಿಸುತ್ತದೆ. ಖಲೀಫಾ ಹಜರತ್ ಉಮರ್ (ರ) ಅವರ ಬಗ್ಗೆ ಉಲಮಾಗಳು ಹೇಳುತ್ತ ಬಂದಿರುವ ಒಂದು ಪ್ರಸಂಗವಿದೆ. ರಾತ್ರಿ ಗಸ್ತಿನಲ್ಲಿ ಅವರು ಗೋಡೆ ಹತ್ತಿ ಒಬ್ಬನ ತಪ್ಪನ್ನು ಹಿಡಿದರಂತೆ. ಆಗ ಆತ, "ನನ್ನದು ಒಂದು ತಪ್ಪು, ತಮ್ಮದು ಮೂರು: ಗುಟ್ಟು ಕೆದಕಿದಿರಿ, ಬಾಗಿಲಿನಿಂದ ಬರಲಿಲ್ಲ, ಸಲಾಂ ಹೇಳಲಿಲ್ಲ" ಎಂದನಂತೆ. ಖಲೀಫರು ಆತನನ್ನು ಬಿಟ್ಟು ಹಿಂತಿರುಗಿದರು. ಆಳುವವನಿಗೂ ಒಂದು ಮಿತಿಯಿದೆ ಎಂಬುದೇ ಇದರ ಸಾರ.

ಇನ್ನು ನಮ್ಮ ದೇಶದ ಕಡೆ ಬರೋಣ. ಬ್ರಿಟಿಷರು 1885ರಲ್ಲಿ ಭಾರತೀಯ ತಂತಿ ಕಾಯ್ದೆ ಮಾಡಿ, ತುರ್ತು ಸಂದರ್ಭದಲ್ಲಿ ತಂತಿ ಸಂದೇಶಗಳನ್ನು ತಡೆದು ನೋಡುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟರು. ಸ್ವಾತಂತ್ರ್ಯ ಬಂದ ಮೇಲೂ ಆ ಕಾಯ್ದೆ ಉಳಿಯಿತು. ದೂರವಾಣಿಗೂ ಅದೇ ಅನ್ವಯವಾಯಿತು. 1986ರಲ್ಲಿ ಜನರ ಪತ್ರಗಳನ್ನು ತೆರೆದು ನೋಡುವ ಅಧಿಕಾರವನ್ನು ವಿಸ್ತರಿಸುವ ಅಂಚೆ ತಿದ್ದುಪಡಿ ಮಸೂದೆಯನ್ನು ಸಂಸತ್ತು ಅಂಗೀಕರಿಸಿತು. ಪತ್ರಿಕೆಗಳೂ ವಿರೋಧ ಪಕ್ಷಗಳೂ ಅದನ್ನು ಖಂಡಿಸಿದವು. ರಾಷ್ಟ್ರಪತಿ ಜ್ಞಾನಿ ಜೈಲ್ ಸಿಂಗ್ ಅವರು ಸಹಿ ಹಾಕಲೇ ಇಲ್ಲ. ಮಸೂದೆ ಕಾನೂನಾಗಲಿಲ್ಲ.

ಇದಾದ ಎರಡೇ ವರ್ಷಕ್ಕೆ ಬಿರುಗಾಳಿ ಬೆಂಗಳೂರಿನಲ್ಲಿ ಎದ್ದಿತು. ರಾಜಕಾರಣಿಗಳ ದೂರವಾಣಿ ಕದ್ದಾಲಿಕೆಯ ಆರೋಪ ಬಂದಾಗ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ನೈತಿಕ ಹೊಣೆ ಹೊತ್ತು 1988ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು. ಅವರ ಸ್ಥಾನಕ್ಕೆ ನಮ್ಮ ಅಂದಿನ ಧಾರವಾಡ ಜಿಲ್ಲೆಯವರೇ ಆದ ಎಸ್.ಆರ್. ಬೊಮ್ಮಾಯಿಯವರು ಬಂದರು. ಕದ್ದಾಲಿಕೆಯ ಪ್ರಶ್ನೆ ಒಂದು ರಾಜ್ಯದ ಮುಖ್ಯಮಂತ್ರಿಯ ಕುರ್ಚಿಯನ್ನೇ ಅಲುಗಿಸಬಲ್ಲದು ಎಂಬುದನ್ನು ದೇಶ ಅಂದು ಕಂಡಿತು.

ಇಂಥ ಆರೋಪಗಳು ಹೆಚ್ಚಿದಾಗ ಪಿ.ಯು.ಸಿ.ಎಲ್. ಎಂಬ ನಾಗರಿಕ ಹಕ್ಕುಗಳ ಸಂಸ್ಥೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1996ರ ಡಿಸೆಂಬರ್‌ನಲ್ಲಿ ತೀರ್ಪು ಬಂದಿತು. ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಆದೇಶ ಬೇಕು. ಆ ಆದೇಶ ಎರಡು ತಿಂಗಳಿಗೆ ಸೀಮಿತ. ಮುಂದುವರಿಸಿದರೂ ಒಟ್ಟು ಆರು ತಿಂಗಳು ಮೀರಬಾರದು. ಆದೇಶವನ್ನು ಒಂದು ಸಮಿತಿ ಪರಿಶೀಲಿಸಬೇಕು. ನ್ಯಾಯಾಲಯ ಕದ್ದಾಲಿಕೆಯನ್ನು ಪೂರ್ತಿ ನಿಷೇಧಿಸಲಿಲ್ಲ, ಅದಕ್ಕೊಂದು ಬೇಲಿ ಹಾಕಿತು.

ಅಷ್ಟರಲ್ಲಿ ಅಂತರ್ಜಾಲ ಬಂದಿತು. 2008ರ ನವೆಂಬರ್‌ನಲ್ಲಿ ಮುಂಬಯಿ ಮೇಲೆ ಘೋರ ದಾಳಿ ನಡೆದು ದೇಶವೇ ದುಃಖದಲ್ಲಿತ್ತು. ಮರುತಿಂಗಳೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ ತಿದ್ದುಪಡಿ ಲೋಕಸಭೆಯಲ್ಲಿ ಹೆಚ್ಚಿನ ಚರ್ಚೆಯಿಲ್ಲದೆ ಅಂಗೀಕಾರವಾಯಿತು. ಅದರ 69ನೆಯ ಕಲಂ ಕಂಪ್ಯೂಟರ್ ಮಾಹಿತಿಯನ್ನು ತಡೆಯುವ, ಗಮನಿಸುವ, ಬಿಡಿಸಿ ಓದುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. ಭಯದ ಕಾಲದಲ್ಲಿ ಜನ ಪ್ರಶ್ನೆ ಕೇಳುವುದಿಲ್ಲ. ಆದರೆ ಭಯ ಕಳೆದ ಮೇಲೂ ಕಾನೂನು ಉಳಿಯುತ್ತದೆ. 2018ರ ಡಿಸೆಂಬರ್ 20ರಂದು ಗೃಹ ಸಚಿವಾಲಯ ಇದೇ ಕಲಮಿನಡಿ ಹತ್ತು ಸಂಸ್ಥೆಗಳನ್ನು ಹೆಸರಿಸಿ ಆದೇಶ ಹೊರಡಿಸಿದಾಗ ದೇಶದಲ್ಲಿ ಗದ್ದಲವೆದ್ದಿತು. ಇದು ಹೊಸ ಅಧಿಕಾರವಲ್ಲ, ಹಳೆಯ ಕಾನೂನೇ ಎಂದು ಸರಕಾರ ಉತ್ತರಿಸಿತು.

ಹೊರಜಗತ್ತಿನಲ್ಲಿಯೂ ಇದೇ ಕಥೆ. ಅಮೆರಿಕದ ಭದ್ರತಾ ಸಂಸ್ಥೆಯೊಂದು ಕೋಟ್ಯಂತರ ಜನರ ದೂರವಾಣಿ ಮತ್ತು ಅಂತರ್ಜಾಲದ ವಿವರಗಳನ್ನು ಸಂಗ್ರಹಿಸುತ್ತಿದೆ ಎಂಬುದನ್ನು 2013ರ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡೆನ್ ಬಯಲಿಗಿಟ್ಟರು. ಅದೇ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಡಿಜಿಟಲ್ ಯುಗದ ಖಾಸಗಿತನದ ಬಗ್ಗೆ ನಿರ್ಣಯ ಅಂಗೀಕರಿಸಿತು. 2015ರಲ್ಲಿ ಅಮೆರಿಕ ತನ್ನ ಪ್ರಜೆಗಳ ದೂರವಾಣಿ ದಾಖಲೆಗಳನ್ನು ಸರಕಾರ ಸಾರಾಸಗಟಾಗಿ ಸಂಗ್ರಹಿಸುವುದನ್ನು ಕಾನೂನಿನ ಮೂಲಕ ನಿಲ್ಲಿಸಿತು.

ನಮ್ಮ ದೇಶದಲ್ಲಿ ಬುಡದ ಪ್ರಶ್ನೆಯನ್ನು ಎತ್ತಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದಾಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ಅವರಿಗೆ ಬೇಕಾದ ಸ್ವಂತ ಲಾಭವೇನೂ ಇರಲಿಲ್ಲ. ಸಂವಿಧಾನದಲ್ಲಿ ಖಾಸಗಿತನ ಮೂಲಭೂತ ಹಕ್ಕಲ್ಲ ಎಂದು 1954 ಮತ್ತು 1962ರ ತೀರ್ಪುಗಳನ್ನು ಮುಂದಿಟ್ಟು ಸರಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಮರುವರ್ಷ ಸೆಪ್ಟೆಂಬರ್ 26ರಂದು ಆಧಾರ್ ಕಾಯ್ದೆಯನ್ನು ಬಹುಮತದಿಂದ ಎತ್ತಿ ಹಿಡಿದರೂ ಶಾಲಾ ಪ್ರವೇಶಕ್ಕೆ, ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್‌ಗೆ ಅದು ಕಡ್ಡಾಯವಲ್ಲ ಎಂದಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರ ಹೆಸರು ಆ ತೀರ್ಪಿನ ಹೆಸರಾಗಿ ಉಳಿದಿದೆ.

ಹಾಗೆಂದು ಹೋರಾಟ ಮುಗಿದಿಲ್ಲ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ, ದೇಶದ ಭದ್ರತೆಯಂಥ ಕಾರಣಗಳಿಗೆ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಡಲು ಕೇಂದ್ರ ಸರಕಾರಕ್ಕೆ ಅವಕಾಶ ಇಟ್ಟಿದೆ. ಅದೇ ವರ್ಷದ ಹೊಸ ಅಂಚೆ ಕಾಯ್ದೆಯಲ್ಲಿ ಅಂಚೆಯನ್ನು ತಡೆದು ತೆರೆಯುವ ಅಧಿಕಾರವೂ ಇದೆ.

ಓದುಗರೇ, ಈ ವಿಷಯ ಮಾತನಾಡಲು ನಮ್ಮ ಸಮುದಾಯದ ಹಲವರು ಅಳುಕುತ್ತಾರೆ. ಪ್ರಶ್ನೆ ಕೇಳಿದರೆ ನಮ್ಮ ಮೇಲೆಯೇ ಅನುಮಾನ ಬಂದೀತು ಎಂಬ ಅಳುಕು ಅದು. ಆದರೆ ಮೇಲೆ ಹೇಳಿದ ಹೆಸರುಗಳನ್ನು ಮತ್ತೊಮ್ಮೆ ನೋಡಿರಿ. ಜೈಲ್ ಸಿಂಗ್, ಪುಟ್ಟಸ್ವಾಮಿ: ಇದು ಒಂದು ಕೋಮಿನ ಪ್ರಶ್ನೆಯಲ್ಲ, ಪ್ರಜೆಯ ಪ್ರಶ್ನೆ. ದೇಶದ ಭದ್ರತೆ ಎಲ್ಲರಿಗೂ ಬೇಕು. ಅಪರಾಧಿಯನ್ನು ಹಿಡಿಯಲು ಪೊಲೀಸರಿಗೆ ಅಧಿಕಾರವೂ ಬೇಕು. ಆದರೆ ಅನುಮಾನವಿದ್ದ ಒಬ್ಬನನ್ನು ಕಾನೂನಿನಂತೆ ಗಮನಿಸುವುದು ಬೇರೆ, ಊರಿಗೆ ಊರನ್ನೇ ಗಮನಿಸುವುದು ಬೇರೆ.

ಇಂದು ಯಳವತ್ತಿಯ ವಿದ್ಯಾರ್ಥಿಯೂ ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ, ಗೆಳೆಯರ ಮಾತುಕತೆ ಎಲ್ಲವನ್ನೂ ಅಂತರ್ಜಾಲದಲ್ಲಿಯೇ ನೋಡುತ್ತಾನೆ. ಆದ್ದರಿಂದ 1996ರ ತೀರ್ಪು ಕಲಿಸಿದ ನಾಲ್ಕು ಪ್ರಶ್ನೆಗಳನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಬಾಯಿಪಾಠ ಮಾಡಲಿ: ಆದೇಶ ಯಾರದು? ಯಾವ ಕಾನೂನಿನಡಿ? ಎಷ್ಟು ದಿನಕ್ಕೆ? ಪರಿಶೀಲಿಸುವವರು ಯಾರು? ಹೆದರದೆ, ಕೂಗಾಡದೆ, ಸಂವಿಧಾನವನ್ನು ಓದಿಕೊಂಡು ಈ ಪ್ರಶ್ನೆ ಕೇಳುವುದು ದೇಶದ್ರೋಹವಲ್ಲ, ನಾಗರಿಕನ ಕರ್ತವ್ಯ. ಅಲ್ಲಾಹನು ನಮಗೆ ಇಲ್ಮನ್ನೂ ಅದನ್ನು ಒಳಿತಿಗೆ ಬಳಸುವ ವಿವೇಕವನ್ನೂ ದಯಪಾಲಿಸಲಿ. ಆಮೀನ್.