ಬಿದಿರಿನ ವಯಸ್ಸು, ಪುಣೆಯ ಗಣಿತ

ಒಂದು ಕಾಡಿನಲ್ಲಿ ಬಿದಿರು ಎಷ್ಟಿದೆ ಎಂಬುದು ಒಂದು ಪ್ರಶ್ನೆ. ಅದರಲ್ಲಿ ಈ ವರ್ಷದ ಕಳಲೆ ಎಷ್ಟು, ಬಲಿತ ಗಳ ಎಷ್ಟು ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಎಣಿಕೆ ಸಾಕು. ಎರಡನೆಯದಕ್ಕೆ ಜೀವಿಗಳನ್ನು ವಯಸ್ಸು, ಗಾತ್ರಗಳಂತೆ ವಿಂಗಡಿಸಿ, ಪ್ರತಿ ವರ್ಗದ ಹುಟ್ಟು, ಬೆಳವಣಿಗೆ, ಸಾವುಗಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕುವ ಗಣಿತ ಬೇಕು. ಆ ಗಣಿತದ ಚರಿತ್ರೆಯಲ್ಲಿ ಪುಣೆಗೂ ನಮ್ಮ ಉತ್ತರ ಕನ್ನಡಕ್ಕೂ ಪಾಲಿದೆ.

ಅದರ ಮೂಲಸಮೀಕರಣವನ್ನು 1926ರಲ್ಲಿ ಪ್ರಕಟಿಸಿದ ಮೆಕೆಂಡ್ರಿಕ್ ವೃತ್ತಿಯಿಂದ ವೈದ್ಯ; ಕಸೌಲಿಯ ಪಾಶ್ಚರ್ ಸಂಸ್ಥೆಯಲ್ಲಿ ದುಡಿದವನು. ಮರುವರ್ಷ ಅವನು ಕರ್ಮ್ಯಾಕ್‌ನೊಡನೆ ರೂಪಿಸಿದ ಸಾಂಕ್ರಾಮಿಕ ರೋಗದ ಲೆಕ್ಕವನ್ನು ಒರೆಗೆ ಹಚ್ಚಿದ್ದು 1905–06ರ ಮುಂಬಯಿ ಪ್ಲೇಗಿನ ಸಾವುಗಳ ಮೇಲೆ. 1945ರಲ್ಲಿ ಆಕ್ಸ್‌ಫರ್ಡಿನ ಲೆಸ್ಲಿ ವಯೋವರ್ಗಗಳ ಲೆಕ್ಕವನ್ನು ಮಾತೃಕೆಗೆ ಇಳಿಸಿದ. ಕೈಯಲ್ಲಿ ಬಿಡಿಸಲು ಇವು ಬಲು ತ್ರಾಸದ ಲೆಕ್ಕಗಳು. ಗಣಕಯಂತ್ರ ಬರುವವರೆಗೆ ಹೆಚ್ಚು ದೂರ ಸಾಗಲಿಲ್ಲ.

ಪುಣೆಯಲ್ಲಿ 1942ರಲ್ಲಿ ಹುಟ್ಟಿ, ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಮಾಧವ ಗಾಡ್ಗೀಳರು ಹಾರ್ವರ್ಡ್ ಸೇರಿದ್ದು ಗಣಕ ಬಂದ ಮೇಲೆ. ಅರ್ಥಶಾಸ್ತ್ರಜ್ಞ ಧನಂಜಯರಾವ್ ಗಾಡ್ಗೀಳರ ಮಗ ಜೀವವಿಜ್ಞಾನದಲ್ಲಿ ಕೈಗೆತ್ತಿಕೊಂಡದ್ದೂ ಒಂದು ಆಯವ್ಯಯದ ಪ್ರಶ್ನೆಯನ್ನೇ. ಒಂದು ಜೀವಿ ತನ್ನಲ್ಲಿರುವ ಅಲ್ಪಸ್ವಲ್ಪ ಶಕ್ತಿಯನ್ನು ಯಾವ ವಯಸ್ಸಿನಲ್ಲಿ ಉಳಿವಿಗೆ, ಬೆಳವಣಿಗೆಗೆ, ಸಂತಾನಕ್ಕೆ ಎಷ್ಟೆಷ್ಟು ಹಂಚಬೇಕು? ಬಾಸರ್ಟ್ ಅವರೊಡನೆ 1970ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ಈ ಲೆಕ್ಕವನ್ನು ಗಣಕದಲ್ಲಿ ಓಡಿಸಿ ನೋಡಿದರು. ಮತ್ತೆ ಮತ್ತೆ ಮರಿಹಾಕುವ ಜೀವಿಗಳಲ್ಲಿ ಸಂತಾನಕ್ಕೆ ವ್ಯಯಿಸುವ ಪಾಲು ವಯಸ್ಸಿನೊಡನೆ ಏರುತ್ತದೆ ಎಂಬುದು ಒಂದು ಫಲಿತಾಂಶ. ಇದ್ದುದನ್ನೆಲ್ಲ ಒಮ್ಮೆಗೇ ಸುರಿದು ಸಾಯುವುದು ಯಾವಾಗ ಲಾಭಕರ ಎಂಬುದಕ್ಕೂ ಅಲ್ಲಿ ಉತ್ತರವಿತ್ತು. ಹೂ ಬಿಟ್ಟು ಸಾಯುವ ಬಿದಿರನ್ನು ಕಂಡ ಮಲೆನಾಡಿಗರಿಗೆ ಈ ಎರಡನೆಯದನ್ನು ವಿವರಿಸಿ ಹೇಳಬೇಕಿಲ್ಲ.

1971ರಲ್ಲಿ ಪುಣೆಗೆ ಮರಳಿದ ಗಾಡ್ಗೀಳರು 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಬಿದಿರೇ ಅವರ ಬಳಿಗೆ ಬಂದಂತಾಯಿತು. ದಾಂಡೇಲಿಯ ಕಾಗದ ಕಾರ್ಖಾನೆಗೆ ನಾಮಮಾತ್ರದ ಬೆಲೆಗೆ ಬಿದಿರು ಹೋಗುತ್ತಿತ್ತು, ಬುಟ್ಟಿ ಹೆಣೆಯುವ ಮೇದಾರರಿಗೆ ಸಿಗುತ್ತಿರಲಿಲ್ಲ. ಮೆಳೆಗಳು ಬರಿದಾಗುತ್ತಿರುವುದೇಕೆ ಎಂದು ಗಾಡ್ಗೀಳರೂ ಎಸ್. ನರೇಂದ್ರ ಪ್ರಸಾದರೂ ಕಾಡಿನಲ್ಲಿ ವರ್ಷಗಟ್ಟಲೆ ಗಳಗಳನ್ನು ಎಣಿಸಿದರು.

ಕಟಾವಿಗೆ ಅನುಕೂಲವಾಗಲೆಂದೂ ಮೆಳೆ ಚೊಕ್ಕಟವಾಗಿರಲೆಂದೂ ಬುಡದ ಮುಳ್ಳುಕಂಟಿಗಳನ್ನು ಸವರಿಹಾಕುವುದು ಆಗಿನ ಪದ್ಧತಿ. ಹಳ್ಳಿಯವರು ಬೇರೆಯೇ ಹೇಳಿದರು: ಆ ಮುಳ್ಳೇ ಕಳಲೆಗೆ ಬೇಲಿ. ಅದು ಹೋದರೆ ದನ, ಮಂಗ, ಮುಳ್ಳುಹಂದಿ ಎಳೆಯದನ್ನು ಉಳಿಸವು. ಅಧ್ಯಯನ ಅವರ ಮಾತನ್ನೇ ಎತ್ತಿಹಿಡಿಯಿತು. ಶಾಸ್ತ್ರೀಯವೆಂದು ಬೀಗುತ್ತಿದ್ದ ಕಟಾವಿನ ಯೋಜನೆ ಬಲಿತ ಗಳಗಳನ್ನಷ್ಟೇ ನೋಡುತ್ತಿತ್ತು. ಮೊದಲ ವಯೋವರ್ಗವೇ ಅದರ ಕಣ್ಣಿಗೆ ಬಿದ್ದಿರಲಿಲ್ಲ. ಇದು ಅಜ್ಞಾನಕ್ಕಿಂತ ಹೆಚ್ಚಾಗಿ, ಯಾರ ಮಾತನ್ನು ಕೇಳಬೇಕು ಎಂಬ ಅಹಂಕಾರದ ಫಲವೆಂದು ನನ್ನ ಎಣಿಕೆ. ಇಬ್ಬರ ಲೇಖನ 1984ರಲ್ಲಿ ಪ್ರಕಟವಾಯಿತು.

ಅನಂತರದ ಕಥೆ ತಂತ್ರಾಂಶದ್ದು. 1988ರಲ್ಲಿ ನೆದರ್ಲೆಂಡ್ಸಿನ ಆಂದ್ರೆ ಡಿ ರೋಸ್ ರೂಪಿಸಿದ ವಿಧಾನಕ್ಕೆ ಗೂಡ್ಸ್ ರೈಲಿನ ಡಬ್ಬಿಗಳ ಹೆಸರು: ಒಟ್ಟಿಗೆ ಹುಟ್ಟಿದವರೆಲ್ಲ ಒಂದೇ ಡಬ್ಬಿಯಲ್ಲಿ ಬೆಳೆಯುತ್ತ, ಕುಗ್ಗುತ್ತ ಮುಂದೆ ಸಾಗುತ್ತಾರೆ, ಹಿಂದಿನಿಂದ ಹೊಸ ಡಬ್ಬಿ ಸೇರುತ್ತದೆ. ಅವರ ಈಚಿನ ಪಿಎಸ್‌ಪಿಎಂಅನಾಲಿಸಿಸ್ ಎಂಬ ತಂತ್ರಾಂಶ, ಆಹಾರವೋ ಸಾವಿನ ದರವೋ ಬದಲಾದಂತೆ ಇಂಥ ಸಮುದಾಯದ ಸಮತೋಲ ಎಲ್ಲಿಗೆ ಸರಿಯುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದನ್ನು ಲೆಕ್ಕ ಹಾಕಿಕೊಡುತ್ತದೆ. ಹಿಂದೆ ದೊಡ್ಡ ವಿಶ್ವವಿದ್ಯಾಲಯದ ಗಣಕ ಕೇಂದ್ರಕ್ಕೇ ಹೋಗಬೇಕಿದ್ದ ಕೆಲಸ ಈಗ ವಿದ್ಯಾರ್ಥಿಯ ಮೇಜಿನ ಮೇಲೆಯೇ ನಡೆಯುತ್ತದೆ. ಆದರೆ ಮೊದಲ ಡಬ್ಬಿಯಲ್ಲಿ ಎಷ್ಟು ಮಂದಿ ಉಳಿದರು ಎಂಬ ಅಂಕಿಯನ್ನು ಅದು ನಮ್ಮಿಂದಲೇ ಕೇಳುತ್ತದೆ. ಬಿದಿರಿನ ಮಟ್ಟಿಗೆ ಆ ಅಂಕಿ ಸಿಗುವುದು ಮಳೆಗಾಲದಲ್ಲಿ ಮೆಳೆಯ ಬುಡಕ್ಕೆ ಬಗ್ಗಿ ಕಳಲೆ ಎಣಿಸಿದವರಿಗೆ. ದಾಂಡೇಲಿಯಲ್ಲಿ ಅದು ಬಲ್ಲವರಿಗೆ ತಿಳಿದೇ ಇತ್ತು. ಕಾರ್ಖಾನೆ ಮಾತ್ರ ಸುತ್ತಲಿನ ಬಿದಿರು ಸಾಲದಾದಾಗ ದೂರದ ಕಾಡುಗಳತ್ತ ಮುಖ ಮಾಡಿತು.